ಮಣ್ಣಿಗೆ ಸೇರಬೇಕಾದ ಪುಟಗಳು

ತಿಜ್ಗಿ
೨೦ ಅಕ್ಟೋಬರ್ ೧೯೬೩

ತಮ್ಮ ಮಿಮೂನನಿಗೆ ಅಕ್ಕ ಫ್ರೇಹಾಳ ಆಶೀರ್ವಾದಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ. ಇಲ್ಲಿಂದ ನೀವು ಹೋದ ಯೆಹೂದಿಗಳ ಹೊಸ ದೇಶಕ್ಕೆ ನೇರ ಟಪಾಲು ಇಲ್ಲವಂತೆ, ಅದಕ್ಕೆ ಈ ಪತ್ರವನ್ನು ಮಾರ್ಸೇಲಿನಲ್ಲಿರುವ ದೊಡ್ಡಪ್ಪನ ಮಗ ಮೆಯಿರ್‌ಗೆ ಕಳಿಸುತ್ತಿದ್ದೇನೆ. ಅವನು ಬೇರೆ ಲಕೋಟೆಗೆ ಹಾಕಿ ನಿನಗೆ ಕಳಿಸುತ್ತಾನೆ. ನೀನೂ ಹಾಗೇ ಮಾಡು.

ನಿಮ್ಮ ಬಸ್ಸುಗಳು ಹೊರಟ ದಿನ ಬೀದಿಯ ಆ ತುದಿಯವರೆಗೂ ಅಳುತ್ತಾ ಓಡಿಬಂದ ಮುಸಲ್ಮಾನ ಹೆಂಗಸರನ್ನು ನೀನೂ ನೋಡಿದೆ. ಅವರಲ್ಲಿ ಕೆಲವರ ಗಂಡಂದಿರು ಮರುವಾರವೇ ಬಂದು ನಮ್ಮ ಕೇರಿಯ ಬಾಗಿಲುಗಳನ್ನು ಕಿತ್ತುಕೊಂಡು ಹೋದರು. ತಪ್ಪೆಂದು ಹೇಗೆ ಹೇಳಲಿ, ಚಳಿಗಾಲ ಬರುತ್ತಿದೆ, ಇಲ್ಲಿ ಮರ ಎಲ್ಲಿದೆ? ನಿನ್ನ ಮನೆಯ ಅಡಿಗೆಮನೆಯಲ್ಲಿ ನಿನ್ನೆ ಒಂದು ಮೇಕೆ ನಿಂತಿತ್ತು.

ಈಗ ಇಡೀ ಕೇರಿಯಲ್ಲಿ ಉಳಿದ ಯೆಹೂದಿಗಳು ಮೂರೇ ಜನ. ಅಪ್ಪ, ನಾನು, ಮತ್ತು ಕುರುಡ ಬ್ರಾಹಮ್. ಅಪ್ಪನ ಎದೆಯ ಫೋಟೋ ನೋಡಿ, ಕಳಿಸುವಂತಿಲ್ಲ ಎಂದು ತಲೆಯಲ್ಲಾಡಿಸಿದ ವಲಸೆ ಕಚೇರಿಯ ಡಾಕ್ಟರು ಬ್ರಾಹಮನ ಕಣ್ಣು ನೋಡಿಯೂ ಹಾಗೇ ಮಾಡಿದರಂತೆ. "ಆತ ತಲೆ ಆಡಿಸಿದ್ದು ನಂಗೆ ಕಾಣಲಿಲ್ಲ, ಅದಕ್ಕೆ ನಾನು ಇನ್ನೂ ಕಾಯ್ತಾ ಇದ್ದೀನಿ" ಎಂದು ಬ್ರಾಹಮ್ ನಗುತ್ತಾನೆ.

ಹೋಗುವವರಿಗೆ ಸಾಮಾನು ಇಷ್ಟೇ ಎಂದು ಆ ಕಚೇರಿಯವರು ಕಟ್ಟು ಮಾಡಿದ್ದರಲ್ಲ, ಅದರಿಂದ ಮನೆಮನೆಯವರೂ ಹರಿದ ಪ್ರಾರ್ಥನೆ ಪುಸ್ತಕ, ಬಾಗಿಲ ಕಂಬದ ಮಂತ್ರಪಟ್ಟಿ, ಅಜ್ಜಂದಿರ ಮದುವೆ ಕರಾರು ಎಲ್ಲವನ್ನೂ ತಂದು ಪ್ರಾರ್ಥನಾಮಂದಿರದ ಗೆನಿಝಾ ಕೋಣೆಗೆ ತುಂಬಿ ಹೋಗಿದ್ದಾರೆ. ದೇವರ ಹೆಸರಿರುವ ಕಾಗದವನ್ನು ಸುಡುವಂತಿಲ್ಲ, ಎಸೆಯುವಂತಿಲ್ಲ, ಹೂಳಬೇಕು. ಯಾರು ಹೂಳಬೇಕು? ಆ ಕೋಣೆಯ ಬಾಗಿಲು ಈಗ ಮುಚ್ಚುವುದೇ ಇಲ್ಲ. ಅಪ್ಪ ಅದನ್ನು ನೋಡುತ್ತಾ ನಿಂತು, "ದೇವರ ನಾಡಿಗೆ ಹೋದ್ರು, ದೇವರನ್ನ ಇಲ್ಲಿ ನನ್ನ ತಲೆಗೆ ಕಟ್ಟಿ ಹೋದ್ರು" ಎಂದರು. ಮರುದಿನದಿಂದಲೇ ಒಂದೊಂದು ಪುಟ ಬಿಡಿಸಿ ನೋಡಲು ಕುಳಿತಿದ್ದಾರೆ.

ಯಾಕೂತ್‌ಗೆ, ಮಕ್ಕಳಿಗೆ ನನ್ನ ಮುತ್ತು. ನಮ್ಮನ್ನು ಅಲ್ಲಿಗೆ ಕರೆಸಿಕೊಳ್ಳುವ ಕಾಗದಪತ್ರ ಏನಾಯಿತು ಎಂದು ಬರೆ.

ನಿನ್ನ ಅಕ್ಕ
ಫ್ರೇಹಾ


ಡಿಮೋನಾ
೧೫ ಡಿಸೆಂಬರ್ ೧೯೬೩

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಹನುಕ್ಕಾ ಹಬ್ಬದಲ್ಲಿ ಸಿಕ್ಕಿತು. ದೀಪ ಹಚ್ಚಿದ ಮೇಲೆ ಎಲ್ಲರಿಗೂ ಓದಿ ಹೇಳಿದೆ. ಮೇಕೆಯ ವಿಷಯ ಮಾತ್ರ ಯಾಕೂತ್‌ಗೆ ಓದಲಿಲ್ಲ. ಅವಳು ಮತ್ತೆ ಬಸುರಿ. ಈ ಸಲ ಬಹಳ ಸೋತಿದ್ದಾಳೆ, ಮನಸ್ಸಿಗೆ ನೋವಾಗುವುದು ಏನನ್ನೂ ಹೇಳಬೇಡಿ ಎಂದು ಇಲ್ಲಿಯ ನರ್ಸ್ ಹೇಳಿದ್ದಾಳೆ. ಆದ್ದರಿಂದ ನೀನೂ ಒಳ್ಳೆಯ ಸುದ್ದಿಯನ್ನೇ ಬರೆ.

ನನಗೆ ಸರಕಾರದ ಕೆಲಸ ಸಿಕ್ಕಿದೆ. ಮನೆಯೂ ಕೊಟ್ಟಿದ್ದಾರೆ, ಕಿಟಕಿಯಿಂದ ಬೆಟ್ಟ ಕಾಣುತ್ತದೆ. ನಿಮ್ಮ ಕಾಗದಪತ್ರ ನಡೆಯುತ್ತಿದೆ. ವಸಂತದ ಪಾಸ್ಕಾ ಹಬ್ಬದ ಹೊತ್ತಿಗೆ ಇಬ್ಬರಿಗೂ ಒಪ್ಪಿಗೆ ಬರುತ್ತದೆ ಎಂದು ಕಚೇರಿಯವನು ಬಾಯಿಬಿಟ್ಟು ಹೇಳಿದ್ದಾನೆ.

ಒಂದು ಮಾತು ಅಪ್ಪನ ಕಿವಿಗೆ ಹಾಕಬೇಕು. ಇಲ್ಲಿ ನಮ್ಮೂರಿನವರು ಪ್ರಾರ್ಥಿಸುವುದು ಒಂದು ತಗಡಿನ ಶೆಡ್ಡಿನಲ್ಲಿ. ಓದಲು ತೋರಾ ಧರ್ಮಗ್ರಂಥದ ಸುರುಳಿಯನ್ನು ಕಾಸಾಬ್ಲಾಂಕಾದಿಂದ ಬಂದವರ ಹತ್ತಿರ ಎರವಲು ತರುತ್ತೇವೆ. ಪ್ರತಿ ಶನಿವಾರ ಅವರ ಬಾಗಿಲಲ್ಲಿ ನಿಲ್ಲಬೇಕು. ಹೋದ ವಾರ ಅವರಲ್ಲೊಬ್ಬ ಎಲ್ಲರೆದುರು, "ಏನ್ರೋ ಬೆಟ್ಟದೋರೇ, ನಿಮ್ಮ ಸುರುಳಿ ಎಲ್ಲಿ? ಕುರಿ ತಿಂದುಬಿಡ್ತಾ?" ಎಂದ. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು, ಅದೇ ನನಗೆ ಹೆಚ್ಚು ಉರಿಯಿತು.

ತಾತ ಬರೆಸಿದ ಸುರುಳಿ ಅಲ್ಲಿ ಯಾರಿಗೂ ಓದಲಿಕ್ಕಿಲ್ಲದೆ ಕುಳಿತಿದೆ. ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರಿಲ್ಲದ ಊರಿನಲ್ಲಿ ಅದನ್ನು ತೆಗೆಯುವಂತೆಯೂ ಇಲ್ಲ. ಫೆಬ್ರವರಿಯಲ್ಲಿ ಕಚೇರಿಯ ಮನುಷ್ಯ ಆ ಕಡೆ ಬರುತ್ತಾನೆ. ಅವನ ಕೈಯಲ್ಲಿ ಕಳಿಸಿಕೊಡಿ. ಅಪ್ಪ ಬೇಡವೆಂದರೆ ನೀನು ಒಪ್ಪಿಸು. ನಿನ್ನ ಮಾತನ್ನು ಅವರು ಕೇಳುತ್ತಾರೆ.

ನಿನ್ನ ತಮ್ಮ
ಮಿಮೂನ್


ತಿಜ್ಗಿ
೨೬ ಜನವರಿ ೧೯೬೪

ತಮ್ಮ ಮಿಮೂನ್,

ಯಾಕೂತ್ ಭಾರ ಎತ್ತದಂತೆ ನೋಡಿಕೋ. ನಾವು ಚೆನ್ನಾಗಿದ್ದೇವೆ.

ಸುರುಳಿಯ ಮಾತನ್ನು ಅಪ್ಪನಿಗೆ ಹೇಳಿದೆ.  ಅವರು, "ಅಕ್ಷರ ಎಲ್ಲಾ ಗಟ್ಟಿ ಇದ್ಯಾ ನೋಡ್ತೀನಿ. ಒಂದು ಅಕ್ಷರ ಬಿರುಕು ಬಿಟ್ಟಿದ್ರೂ ಓದೋಹಾಗಿಲ್ಲ. ನೋಡಿ ಕಳಿಸೋಣ" ಎಂದರು. ಅಂದರೆ ಒಪ್ಪಿದ ಹಾಗೆ. ದಿನಾ ಬಿಸಿಲಿರುವ ಹೊತ್ತಿನಲ್ಲಿ ಮಂದಿರಕ್ಕೆ ಹೋಗಿ ಒಂದೊಂದು ಅಂಕಣ ನೋಡಿ ಬರುತ್ತಾರೆ.

ಇದನ್ನು ಬರೆಯಲೋ ಬೇಡವೋ ಎಂದುಕೊಂಡೆ. ಸಂತೆಯಲ್ಲಿ ಲಹ್ಸೆನ್ ಅಂಗಡಿಯಿಂದ ಕಡಲೆ ತಂದೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಅದು ಯೋಮ್ ಕಿಪ್ಪುರ್ ಉಪವಾಸದ ಪ್ರಾರ್ಥನೆಯ ಹಾಳೆ. ಎಣ್ಣೆಯ ಕಲೆ ಬಿದ್ದಿತ್ತು. ಕಡಲೆಯನ್ನು ಅಲ್ಲೇ ಸುರಿದು ವಾಪಸು ಓಡಿದೆ.

"ಏನು ಲಹ್ಸೆನಣ್ಣ, ಇದು ಎಲ್ಲಿ ಸಿಕ್ತು?"

"ಖಾಲಿ ಮನೇಲಿ ಬಿದ್ದಿತ್ತಮ್ಮ. ನಿಮ್ಮೋರೇ ಬಿಸಾಕಿ ಹೋದದ್ದು. ಕಾಗದ ಅಂದ್ರೆ ಕಾಗದ, ನಾನೇನು ಕದ್ದೆನಾ?"

"ನಿಮ್ಮ ಕುರಾನಿನ ಹಾಳೆ ಆಗಿದ್ರೆ ಕಡಲೆ ಕಟ್ತಿದ್ಯಾ?"

ಅವನ ಮುಖ ಕೆಂಪಗಾಯಿತು. ಜಗಳ ಮಾಡುತ್ತಾನೆ ಎಂದುಕೊಂಡೆ. ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಇಡೀ ಕಟ್ಟು ತೆಗೆದು ನನ್ನ ಮಡಿಲಿಗೆ ಹಾಕಿದ. "ಓದೋಕೆ ಬರಲ್ಲ ಫ್ರೇಹಾ. ಗೊತ್ತಿದ್ರೆ ಮುಟ್ತಿರಲಿಲ್ಲ" ಎಂದ.

ಅಂದಿನಿಂದ ನಾನೂ ಬ್ರಾಹಮನೂ ಖಾಲಿ ಮನೆಗಳಿಗೆ ನುಗ್ಗಿ ಹುಡುಕುತ್ತಿದ್ದೇವೆ. ಅವನು ಮೂಲೆಗಳನ್ನು ಕೈಯಿಂದ ತಡವುತ್ತಾನೆ, ಸಿಕ್ಕಿದ್ದನ್ನು ನಾನು ಓದುತ್ತೇನೆ. ಕುಂಬಾರ ಹಮ್ಮಾದ್ ಮಡಕೆ ಮಾಡಿಕೊಡುತ್ತಾನೆ. ತುಂಬಿದ ಮಡಕೆಗಳನ್ನು ಅಪ್ಪ ಸ್ಮಶಾನದಲ್ಲಿ ಮಣ್ಣು ಮಾಡಿಸುತ್ತಾರೆ.

ಪಟ್ಟಣದಿಂದ ಒಬ್ಬ ವ್ಯಾಪಾರಿಯೂ ಬಂದಿದ್ದ. ಹಳೆಯ ತೊಗಲಿನ ಸುರುಳಿ ಇದ್ದರೆ ಕೊಡಿ, ಪ್ರವಾಸಿಗರು ದೀಪದ ಮರೆಗೆ, ಕೈಚೀಲಕ್ಕೆ ಕೇಳುತ್ತಾರೆ ಎಂದ. ಅಪ್ಪ ಊರುಗೋಲು ಎತ್ತಿದರು. "ನಿನ್ನ ಅಪ್ಪನ ಚರ್ಮ ಸುಲಿದು ಚೀಲ ಹೊಲಿಸ್ಕೋ ಹೋಗು!" ಎಂದು ಬೀದಿಯವರೆಗೂ ಅಟ್ಟಿಸಿಕೊಂಡು ಹೋದರು. ಬಂದು ಕುಳಿತ ಮೇಲೆ ತುಂಬ ಹೊತ್ತು ಕೆಮ್ಮಿದರು.

ಕಾಗದಪತ್ರ ಪಾಸ್ಕಾಕ್ಕೆ ಬರುತ್ತದೆ ಎಂದದ್ದು ಕೇಳಿ ಅಪ್ಪನಿಗೆ ಸಂತೋಷವಾಯಿತು. ಜೆರುಸಲೇಮಿಗೆ ಅಲ್ಲಿಂದ ಎಷ್ಟು ಹೊತ್ತಿನ ದಾರಿ ಎಂದು ಕೇಳುತ್ತಿದ್ದಾರೆ.

ಫ್ರೇಹಾ


ತಿಜ್ಗಿ
೧ ಮಾರ್ಚ್ ೧೯೬೪

ತಮ್ಮ ಮಿಮೂನ್,

ಇಲ್ಲಿ ಬಹಳ ಹಿಮ ಬಿತ್ತು. ದಾರಿ ಕಟ್ಟಿತ್ತು, ಅದಕ್ಕೇ ಬರೆಯಲಾಗಲಿಲ್ಲ.

ಅಪ್ಪ ಹಾಗೇ ಇದ್ದಾರೆ. ಹೆಚ್ಚು ಮಲಗಿರುತ್ತಾರೆ. ಕೈ ನಡುಗುತ್ತದೆ, ಬರೆಯಲಾಗುವುದಿಲ್ಲ.

ಸುರುಳಿಯನ್ನು ಈಗ ಕಳಿಸುವುದಕ್ಕೆ ಆಗುವುದಿಲ್ಲ. ಯಾಕೆಂದು ಕೇಳಬೇಡ. ಯಾಕೂತ್ ಹೆತ್ತು ಎದ್ದ ಮೇಲೆ ಬರೆಯುತ್ತೇನೆ.

ಫ್ರೇಹಾ


ಡಿಮೋನಾ
೨ ಮೇ ೧೯೬೪

ಅಕ್ಕ,

ಗಂಡು ಮಗು! ಇಬ್ಬರೂ ಕ್ಷೇಮ. ಅಪ್ಪನ ಹೆಸರನ್ನೇ ಇಟ್ಟಿದ್ದೇನೆ, ಹನನ್ಯಾ. ತಾತ ಬದುಕಿರುವಾಗಲೇ ಮೊಮ್ಮಗನಿಗೆ ಹೆಸರು ಕೊಟ್ಟರೆ ಆಯುಸ್ಸು ಹೆಚ್ಚುತ್ತದಂತೆ. ಅವರ ಕಿವಿಯ ಹತ್ತಿರ ಹೋಗಿ ಗಟ್ಟಿಯಾಗಿ ಹೇಳು. ಏನಂದರು ಎಂದು ಅವರ ಮಾತಿನಲ್ಲೇ ಬರೆದು ಕಳಿಸು.

ಕಾಗದಪತ್ರ ಸ್ವಲ್ಪ ತಡವಾಗುತ್ತಿದೆ. ಹಬ್ಬದಲ್ಲಿ ಕಚೇರಿ ಮುಚ್ಚಿತ್ತು. ಚಿಂತೆ ಬೇಡ.

ನಿನ್ನ ಕಳೆದ ಪತ್ರ ಓದಿ ನನಗೆ ಕೋಪ ಬಂತು. ಕಚೇರಿಯ ಮನುಷ್ಯ ಹಿಮದಿಂದ ಊರು ತಲುಪಲಾಗದೆ ಬರಿಗೈಯಲ್ಲಿ ಬಂದ. ತಾತನ ಸುರುಳಿ ಬರುತ್ತದೆ ಎಂದು ನಾನು ಎಲ್ಲರಿಗೂ ಹೇಳಿದ್ದೆ. "ಯಾಕೆಂದು ಕೇಳಬೇಡ" ಎನ್ನುವುದಕ್ಕೆ ನಾನೇನು ಹೊರಗಿನವನೇ? ಅಪ್ಪನ ಕೈ ನಡುಗಿದರೂ ಪರವಾಗಿಲ್ಲ, ಹೆಸರಿನ ಮೊದಲ ಅಕ್ಷರವನ್ನಾದರೂ ಬರೆಸು.

ಮಿಮೂನ್


ಡಿಮೋನಾ
೧೮ ಜೂನ್ ೧೯೬೪

ಫ್ರೇಹಾ,

ಕಾಸಾಬ್ಲಾಂಕಾದಿಂದ ಹೊಸದಾಗಿ ಬಂದವನೊಬ್ಬ ಇಲ್ಲಿ ನಮ್ಮೆಲ್ಲರೆದುರು ಹೇಳಿದ. ಅಲ್ಲಿ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಹಸಿರು ಮಖಮಲ್ಲಿನ ಸುರುಳಿ ಹೊದಿಕೆ ನೇತು ಹಾಕಿದ್ದಾರಂತೆ. ಅದರ ಮೇಲೆ ಬೆಳ್ಳಿದಾರದಲ್ಲಿ ನಮ್ಮ ಅಮ್ಮನ ಹೆಸರು. ಅವಳ ನೆನಪಿಗೆ ತಾತನ ಸುರುಳಿಗೆ ಹೊಲಿಸಿದ್ದೇ ಅದು.

ಆ ಹೊದಿಕೆ ತಾನಾಗಿ ನಡೆದು ಹೋಯಿತೇ? ಹೊದಿಕೆ ಅಲ್ಲಿದ್ದರೆ ಸುರುಳಿ ಎಲ್ಲಿದೆ? ಊರುಗೋಲು ಎತ್ತಿದ ಕಥೆಯನ್ನು ನನಗೆ ಬರೆದೆಯಲ್ಲ, ಆ ವ್ಯಾಪಾರಿ ತಿರುಗಿ ಬಂದಾಗ ಅಪ್ಪ ಮಲಗಿದ್ದರೇ? ಮುದುಕರಿಗೆ ಗೊತ್ತಾಗದ ಹಾಗೆ ಮಾರಿದೆಯಾ? ನಿನಗೆ ಕಷ್ಟ ಇದ್ದರೆ ನನ್ನನ್ನು ಕೇಳಬಹುದಿತ್ತು.

ಈ ಹಾಳೆಯ ಹಿಂಬದಿಯಲ್ಲಿ ಕೀರ್ತನೆಯ ಸಾಲುಗಳನ್ನು ಇದ್ದ ಹಾಗೇ ಬರೆದಿದ್ದೇನೆ. ಓದಿಕೋ. ಯಾರ ಮನೆಯನ್ನು ಹೊರಗಿನವರು ಹೊಕ್ಕು ಹಾಳು ಮಾಡಿದರು, ಯಾರ ಸುಮ್ಮನಿರುವಿಕೆಯಿಂದ ಹೊಕ್ಕರು ಎಂದು ಯೋಚನೆ ಮಾಡು.

ಮಿಮೂನ್


ತಿಜ್ಗಿ
೨೮ ಜುಲೈ ೧೯೬೪

ತಮ್ಮ ಮಿಮೂನ್,

ನಿನ್ನ ಪತ್ರವನ್ನು ಓದಿದ ಕೂಡಲೇ ಒಲೆಗೆ ಹಾಕಲು ಎದ್ದೆ. ಆದರೆ ನೀನು ಆ ಸಾಲುಗಳಲ್ಲಿ ದೇವರ ಹೆಸರನ್ನು ಪೂರ್ತಿ ಬರೆದಿದ್ದೀಯೆ. ಸುಡುವಂತಿಲ್ಲ. ಬೇರೆ ಹಾಳೆಗಳ ಜೊತೆ ಮಡಕೆಗೆ ಹಾಕಿ ಹೂಳಿದೆ. ನೀನು ನನ್ನನ್ನು ಅಂದದ್ದೆಲ್ಲ ಈಗ ಪವಿತ್ರ ಕಾಗದಗಳ ನಡುವೆ ಇದೆ.

ಅಪ್ಪ ತೀರಿಕೊಂಡರು, ಮಿಮೂನ್. ಫೆಬ್ರವರಿಯಲ್ಲೇ.

ಹಿಮದ ಭಾರಕ್ಕೆ ಮಂದಿರದ ಮಾಡು ಕುಸಿಯಿತು. ಸುರುಳಿ ಇಟ್ಟಿದ್ದ ಪೆಟ್ಟಿಗೆಯ ಮೇಲೆಯೇ ತೊಲೆ ಬಿತ್ತು. ಹಮ್ಮಾದ್ ಮತ್ತು ಅವನ ಅಣ್ಣಂದಿರು ಬಂದು ಮಣ್ಣು ತೆಗೆಯುವ ಹೊತ್ತಿಗೆ ಕರಗಿದ ನೀರು ಒಳಗೆ ನಿಂತಿತ್ತು. ಅಪ್ಪ ಸುರುಳಿಯನ್ನು ತೊಡೆಯ ಮೇಲೆ ಇಟ್ಟು ಬಿಡಿಸಿದರು. ಶಾಯಿ ಹರಿದು ಅಂಕಣಕ್ಕೆ ಅಂಕಣವೇ ಕಂದು ನೀರಾಗಿತ್ತು. ಸಾವಿಗೆ ಹರಿದುಕೊಳ್ಳುವ ಹಾಗೆ ಅವರು ಅಂಗಿಯ ಕೊರಳು ಹರಿದುಕೊಂಡರು. ಆಮೇಲೆ ತಮ್ಮ ಪ್ರಾರ್ಥನೆಯ ಶಾಲಿನಲ್ಲಿ ಅದನ್ನು ಸುತ್ತಿ, ತೋಳ ಮೇಲೆ ಮಲಗಿಸಿಕೊಂಡು, ಆ ಹಿಮದಲ್ಲಿ ಮನೆಗೆ ನಡೆದು ಬಂದರು. ನಾನು ಎತ್ತಿಕೊಳ್ಳುತ್ತೇನೆ ಎಂದರೂ ಕೊಡಲಿಲ್ಲ.

ಅಂದೇ ಮಲಗಿದರು. ಅಂದಿನಿಂದ ಊಟ ಬಿಟ್ಟರು.

"ಅಪ್ಪ, ಸ್ವಲ್ಪ ಗಂಜಿ ಕುಡಿ. ಸುರುಳೀನ ಮಡಕೇಲಿಟ್ಟು ಹೂಳೋಣ, ಮಾಡೋದೇನಿದೆ?" ಎಂದೆ.

"ಎಲ್ಲಿ ಹೂಳ್ತೀಯಾ?"

"ಉಳಿದದ್ದೆಲ್ಲಾ ಹೂಳಿದ ಕಡೆ."

"ಹಾಗೆ ಆಗಲ್ಲ ಮಗಳೇ. ಪುಸ್ತಕ ಎಲ್ಲಿ ಹೂಳಿದ್ರೂ ನಡೆಯುತ್ತೆ. ತೋರಾನ ಓದಿಕೊಂಡವನ ಪಕ್ಕ ಮಣ್ಣು ಮಾಡಬೇಕು. ಹೊಸ ಗುಂಡಿ, ಹೊಸ ಹೆಣ. ಓದಿಕೊಂಡೋರೆಲ್ಲಾ ಬಸ್ ಹತ್ತಿ ಹೋದ್ರಲ್ಲ. ಇಲ್ಲಿ ಇನ್ಯಾರಿದ್ದಾರೆ?"

ನನಗೆ ಅರ್ಥವಾಯಿತು. ಅರ್ಥವಾಗದ ಹಾಗೆ ಗಂಜಿ ಬಟ್ಟಲನ್ನು ತುಟಿಗೆ ಹಿಡಿದೆ. ಅವರು ಅದನ್ನು ಮೆಲ್ಲಗೆ ಸರಿಸಿ, "ಅದು ಕಾಯ್ತಾ ಇದೆ. ಒದ್ದೆ ಆಗಿದೆ, ಬೂಷ್ಟು ಹಿಡಿಯುತ್ತೆ. ಬಹಳ ದಿನ ಕಾಯಿಸಬಾರದು" ಎಂದರು. ಜ್ವರದಿಂದ ಹೋದರೋ, ಎದೆಯ ರೋಗದಿಂದ ಹೋದರೋ ನನಗೆ ತಿಳಿಯದು. ಆತುರದಲ್ಲಿ ಹೋದರು ಎಂದು ಮಾತ್ರ ಬಲ್ಲೆ. ಕೋಪ ಬರುತ್ತದೆ ಮಿಮೂನ್. ಆ ತೊಗಲಿಗೆ ಜೊತೆ ಬೇಕಿತ್ತು ಎಂದು ಹೋದರಲ್ಲ, ನನಗೆ ಯಾರು ಜೊತೆ ಎಂದು ಒಮ್ಮೆಯೂ ಕೇಳಲಿಲ್ಲ.

ಗುಂಡಿ ತೋಡಿದವರು ಹಮ್ಮಾದನ ಮನೆಯವರು. ಸುರುಳಿಗೆ ಅವನು ಎದೆಯೆತ್ತರದ ಮಡಕೆ ಸುಟ್ಟು ಕೊಟ್ಟ. ಅಪ್ಪನ ಬಲಮಗ್ಗುಲಲ್ಲಿ ಇಟ್ಟೆವು. ಸತ್ತವರ ಪ್ರಾರ್ಥನೆ ಕದ್ದಿಷ್ ಹೇಳಲು ಹತ್ತು ಗಂಡಸರು ಬೇಕು, ಮಗನೂ ಬೇಕು. ಇದ್ದವನು ಕುರುಡ ಬ್ರಾಹಮ್ ಒಬ್ಬನೇ. ಅವನು ಅಳುತ್ತಾ ಕುಳಿತುಬಿಟ್ಟ. ನಾನೇ ಹೇಳಿದೆ, ಅವನು ಆಮೆನ್ ಎಂದ. ಹೆಂಗಸು ಹೇಳಿದ್ದು ಸಲ್ಲುತ್ತದೋ ಇಲ್ಲವೋ, ನೀನು ಅಲ್ಲಿಯ ರಬ್ಬಿಯನ್ನು ಕೇಳಬಹುದು. ಸಲ್ಲುವುದಿಲ್ಲ ಎಂದರೆ ನನಗೆ ಬರೆಯಬೇಡ.

ಹೊದಿಕೆ ಕುಸಿದ ಮಂದಿರದಲ್ಲೇ ಉಳಿದಿತ್ತು. ನಾನು ಏಳು ದಿನ ಸೂತಕದಲ್ಲಿ ನೆಲದ ಮೇಲೆ ಕುಳಿತಿದ್ದಾಗ ಯಾರೋ ಅವಶೇಷ ಅಗೆದು ಕೊಂಡುಹೋದರು. ಹೊರಗೆ ಸದ್ದು ಕೇಳುತ್ತಿತ್ತು. ಎದ್ದು ಹೋಗುವಂತಿರಲಿಲ್ಲ.

ನಿನಗೆ ಯಾಕೆ ತಿಳಿಸಲಿಲ್ಲ? ಯಾಕೂತ್‌ಗೆ ನೋವಾಗುವುದನ್ನು ಬರೆಯಬೇಡ ಎಂದು ನೀನೇ ಬರೆದಿದ್ದೆ. ಅದೊಂದೇ ಅಲ್ಲ. ಕಾಗದಪತ್ರ ಅಪ್ಪನ ಹೆಸರಿನಲ್ಲಿ ಇದೆ, ಅಪ್ಪ ಇಲ್ಲ ಎಂದರೆ ನನ್ನದೂ ನಿಂತುಹೋದೀತು ಎಂದು ಹೆದರಿದೆ.

ಮಗುವಿನ ಹೆಸರನ್ನು ಗೋರಿಯ ಹತ್ತಿರ ಹೋಗಿ ಹೇಳಿದೆ. ಗಟ್ಟಿಯಾಗಿ ಹೇಳು ಎಂದಿದ್ದೆಯಲ್ಲ, ಗಟ್ಟಿಯಾಗಿಯೇ ಹೇಳಿದೆ.

ಫ್ರೇಹಾ


ಡಿಮೋನಾ
೩೧ ಆಗಸ್ಟ್ ೧೯೬೪

ಅಕ್ಕ,

ಸಾವಿನ ಸುದ್ದಿ ತಿಂಗಳು ಕಳೆದ ಮೇಲೆ ತಲುಪಿದರೆ ಒಂದು ಗಂಟೆ ನೆಲದ ಮೇಲೆ ಕುಳಿತರೆ ಸಾಕಂತೆ. ಕುಳಿತೆ. ಗಂಟೆ ಆಯಿತು ಏಳಿ ಎಂದು ರಬ್ಬಿ ಹೇಳಿದರು. ಅಪ್ಪನಿಗೆ ಒಂದೇ ಗಂಟೆಯೇ ಎಂದು ಏಳಲಿಲ್ಲ. ಕತ್ತಲಾಗುವಾಗ ಯಾಕೂತ್ ಮಗುವನ್ನು ತಂದು ತೊಡೆಯ ಮೇಲೆ ಹಾಕಿದಳು.

ಕದ್ದಿಷ್ ಶುರು ಮಾಡಿದ್ದೇನೆ. ಕುರಿ ತಿಂತಾ ಎಂದಿದ್ದ ಮನುಷ್ಯ ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದು ನನ್ನ ಪಕ್ಕ ನಿಂತ. ನೀನು ಹೇಳಿದ್ದು ಸಲ್ಲುತ್ತದೋ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವುದೂ ಇಲ್ಲ.

ಜೂನಿನಲ್ಲಿ ನಾನು ಬರೆದ ಪತ್ರ ಮಣ್ಣಿನಲ್ಲಿದೆ ಎಂದೆ. ಅಲ್ಲೇ ಇರಲಿ.

ಈಗ ನನ್ನದು ಕೇಳು. ಕಾಗದಪತ್ರ ನಡೆಯುತ್ತಿರಲಿಲ್ಲ. ಅಪ್ಪನ ಹೆಸರನ್ನು ಹೋದ ಡಿಸೆಂಬರಿನಲ್ಲೇ ಹೊಡೆದು ಹಾಕಿದ್ದರು. "ಮುದುಕರು ಬರೋಹಾಗಿಲ್ಲ. ಅಕ್ಕ ಒಬ್ರೇ ಆದ್ರೆ ನಾಳೇನೇ ಕರೆಸ್ಕೊಳ್ಳಿ" ಎಂದು ಕಚೇರಿಯವನು ಹೇಳಿದ್ದ. ಅದನ್ನು ನಿನಗೆ ಬರೆದರೆ ಏನು ಬರೆದ ಹಾಗಾಗುತ್ತಿತ್ತು? ಅಪ್ಪನನ್ನು ಬಿಟ್ಟು ಬಾ ಎಂದು ತಾನೇ? ಅದಕ್ಕೆ ಪಾಸ್ಕಾ ಎಂದೆ, ಆಮೇಲೆ ಹಬ್ಬದ ರಜೆ ಎಂದೆ. ಅಪ್ಪ ಹೋದ ಸುದ್ದಿ ಮಾರ್ಚಿನಲ್ಲೇ ತಿಳಿದಿದ್ದರೆ ವಸಂತದಲ್ಲಿ ನೀನು ಇಲ್ಲಿರುತ್ತಿದ್ದೆ.

ಸರಕಾರದ ಕೆಲಸ ಎಂದರೆ ರಸ್ತೆಗೆ ಕಲ್ಲು ಒಡೆಯುವುದು. ಅದೂ ಗೊತ್ತಿರಲಿ.

ಈಗ ಒಂದು ದಿನವೂ ನಿಲ್ಲಬೇಡ. ಕಾಸಾಬ್ಲಾಂಕಾಕ್ಕೆ ಹೋಗು, ಅಲ್ಲಿಯ ಕಚೇರಿಯ ಪಟ್ಟಿಯಲ್ಲಿ ನಿನ್ನ ಹೆಸರು ಇದೆ. ಮಾರ್ಸೇಲಿನಲ್ಲಿ ಮೆಯಿರ್ ನೋಡಿಕೊಳ್ಳುತ್ತಾನೆ. ಅಲ್ಲಿಂದ ಹಡಗು.

ಮಿಮೂನ್


ಮಾರ್ಸೇಲ್
೧೪ ಫೆಬ್ರವರಿ ೧೯೬೫

ತಮ್ಮ ಮಿಮೂನ್,

ನೀನು ಅಲ್ಲಿ ಹಡಗಿನ ಕಟ್ಟೆಗೆ ಹೋಗಿ ಕಾದು ಕಾದು ಮನೆಗೆ ವಾಪಸು ಹೋದೆಯೆಂದು ಮೆಯಿರ್ ಹೇಳಿದ. ಅವನ ಮೇಲೆ ರೇಗಬೇಡ. ನಾನೇ ಬರೆಯುತ್ತೇನೆ, ನೀನು ಸುಮ್ಮನಿರು ಎಂದು ಅವನಿಗೆ ಹೇಳಿದ್ದೆ. ಬರೆಯಲು ಕೈಯೇ ಬರಲಿಲ್ಲ.

ಬ್ರಾಹಮನನ್ನು ಅವನ ತಂಗಿಯ ಮಕ್ಕಳು ಮರ್ರಾಕೇಷಿಗೆ ಕರೆದುಕೊಂಡು ಹೋದ ಮೇಲೆ ನಾನು ಹೊರಟೆ. ಉಳಿದ ಹಾಳೆಗಳನ್ನೆಲ್ಲ ಹೂಳಿ ಬಂದೆ. ಸ್ಮಶಾನದ ಕೀಲಿ ಹಮ್ಮಾದನ ಹೆಂಡತಿಯ ಹತ್ತಿರ ಇದೆ. ಇಲ್ಲಿಯ ಶಿಬಿರದಲ್ಲಿ ಹಡಗು ಹತ್ತುವ ಮೊದಲು ಎದೆಯ ಫೋಟೋ ತೆಗೆದರು. ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಾಗಲೇ ಅವರು ತಲೆಯಲ್ಲಾಡಿಸುತ್ತಾರೆ ಎಂದು ನನಗೆ ಗೊತ್ತಾಯಿತು. ಅಪ್ಪನ ರೋಗವೇ. ಅಷ್ಟು ದಿನ ಅವರ ಬಟ್ಟಲಲ್ಲಿ ಉಳಿದ ಗಂಜಿಯನ್ನು ಯಾರು ಕುಡಿದರು ಎಂದುಕೊಂಡೆ?

ಈಗ ಊರ ಹೊರಗಿನ ಆಸ್ಪತ್ರೆಯಲ್ಲಿದ್ದೇನೆ. ಕ್ರೈಸ್ತ ಸನ್ಯಾಸಿನಿಯರು ನೋಡಿಕೊಳ್ಳುತ್ತಾರೆ. ದಿನಾ ಸೂಜಿ. ಒಂದು ವರ್ಷವೋ ಎರಡೋ, ವಾಸಿಯಾಗುವವರೂ ಇದ್ದಾರೆ ಎನ್ನುತ್ತಾರೆ. ಪಕ್ಕದ ಹಾಸಿಗೆಯವಳು ವಾಸಿಯಾಗಲಿಲ್ಲ.

ಅಪ್ಪ ಕೈಯಾರೆ ಬರೆದ ಪ್ರಾರ್ಥನೆ ಪುಸ್ತಕವನ್ನು ನಿನ್ನ ಹನನ್ಯಾಗೆ ಎಂದು ಎದೆಯ ಹತ್ತಿರ ಇಟ್ಟುಕೊಂಡು ಬಂದಿದ್ದೆ. ದಾರಿಯುದ್ದಕ್ಕೂ ಓದಿದೆ, ಓದುತ್ತಾ ಕೆಮ್ಮಿದೆ. ಹೋದ ವಾರ ಕ್ಲೋತಿಲ್ಡ್ ಎಂಬ ಸನ್ಯಾಸಿನಿ ಅದನ್ನು ಕಂಡಳು.

"ಇದು ಇಲ್ಲಿ ಇರೋಹಾಗಿಲ್ಲಮ್ಮ. ಕುಲುಮೆಗೆ ಹೋಗಬೇಕು."

"ಪತ್ರಗಳನ್ನ ಔಷಧಿ ಹೊಗೆಗೆ ಹಿಡಿದು ಕಳಿಸ್ತೀರಲ್ಲ, ಇದನ್ನೂ ಹಿಡೀರಿ."

"ಒಂದು ಹಾಳೆ ಹಿಡೀಬಹುದು. ಇಷ್ಟು ದಪ್ಪದ್ದರ ಒಳಗೆ ಹೊಗೆ ಹೋಗಲ್ಲ. ಕೊಡೋದು ಯಾರಿಗೆ? ಮಗೂಗೆ ಅಂತೀಯಾ. ಕೈಗೆ ಸಿಕ್ಕಿದ್ದೆಲ್ಲಾ ಬಾಯಿಗೆ ಇಡೋ ಮಗು."

ಅದು ನಿಜ. ಅವಳು ಹೇಳುವ ಮೊದಲೇ ನನಗೂ ಗೊತ್ತಿತ್ತು. ಆದರೆ ಬೆಂಕಿಗೆ ಕೊಡಲಾರೆ ಎಂದೆ. ನನ್ನ ಮುರುಕು ಫ್ರೆಂಚಿನಲ್ಲಿ, ಇದರಲ್ಲಿ ದೇವರ ಹೆಸರಿದೆ, ಇದನ್ನು ಮನುಷ್ಯನ ಹಾಗೆ ಮಣ್ಣು ಮಾಡಬೇಕು ಎಂದು ಹೇಳಿದೆ. ಅವಳು ಕೈಕಟ್ಟಿ ನಿಂತು, "ನಮ್ಮಲ್ಲಿ ಮಂತ್ರಿಸಿದ್ದನ್ನ ಸುಡ್ತೀವಿ. ಸುಡೋದೇ ನಮಗೆ ಮರ್ಯಾದೆ" ಎಂದಳು. "ನಮಗೆ ಹೂಳೋದು" ಎಂದೆ. ಹೊರಟು ಹೋದಳು. ಕುಲುಮೆಯವನನ್ನು ಕರೆತರುತ್ತಾಳೆ ಎಂದು ನಾನು ಪುಸ್ತಕವನ್ನು ಸೊಂಟದಡಿ ಇಟ್ಟುಕೊಂಡು ಕುಳಿತೆ. ಅವಳು ಬಂದದ್ದು ತೋಟದ ಗುದ್ದಲಿ ಹಿಡಿದು.

ಬಟ್ಟೆ ಒಗೆಯುವ ಮನೆಯ ಹಿಂದೆ ಎರಡು ಸೈಪ್ರಸ್ ಮರಗಳಿವೆ, ಅವುಗಳ ನಡುವೆ. ಮಡಕೆ ಇರಲಿಲ್ಲ. ಬಿಸ್ಕತ್ತಿನ ಡಬ್ಬಿ ಕೊಟ್ಟಳು. ನಾನು ಅಗೆಯಲು ಹೋಗಿ ನಾಲ್ಕು ಹೊಡೆತಕ್ಕೇ ಕುಸಿದು ಕುಳಿತೆ. ಉಳಿದದ್ದನ್ನು ಅವಳೇ ಅಗೆದಳು. ನಾನು ಏನು ಹೇಳುತ್ತೇನೋ ಎಂದು ತಲೆ ತಗ್ಗಿಸಿ ಕಾದಳು. ನನಗೆ ಏನೂ ನೆನಪಾಗಲಿಲ್ಲ. ಆ ಅಕ್ಷರಗಳ ಮೇಲೆ ಅಪ್ಪನ ಕೈ ಹೇಗೆ ಆಡುತ್ತಿತ್ತು ಎಂಬುದೊಂದೇ ಕಣ್ಣ ಮುಂದೆ. ಆದ್ದರಿಂದ ಹನನ್ಯಾಗೆ ತಾತನದು ಎಂದು ಕೊಡಲು ನನ್ನ ಹತ್ತಿರ ಈಗ ಏನೂ ಇಲ್ಲ.

ಬರಲು ಸಾಧ್ಯವಾದರೆ ಬಾ. ಗುರುವಾರ ಮಧ್ಯಾಹ್ನ ನೋಡಲು ಬಿಡುತ್ತಾರೆ. ಒಳಗೆ ಬಿಡುವುದಿಲ್ಲ, ಗಾಜಿನ ಆಚೆ ನಿಲ್ಲಿಸುತ್ತಾರೆ. ಮಕ್ಕಳನ್ನು ತರಬೇಡ. ಗಾಜು ದಪ್ಪ ಇದೆ, ಗಟ್ಟಿಯಾಗಿ ಕೂಗಿ ಮಾತಾಡಬೇಕು, ಮೆಯಿರ್ ನಾಚಿಕೊಳ್ಳುತ್ತಾನೆ. ನೀನು ನಾಚಿಕೊಳ್ಳಬೇಡ. ಇಲ್ಲಿ ನನ್ನನ್ನು ಹಾಸಿಗೆಯ ನಂಬರಿನಿಂದ ಕರೆಯುತ್ತಾರೆ. ನೀನು ಬಂದು ನಮ್ಮ ಮಾತಿನಲ್ಲಿ, ಆ ಕೋಣೆಯವರಿಗೆಲ್ಲ ಕೇಳುವ ಹಾಗೆ, ಅಕ್ಕಾ ಎಂದು ಕರೆ.

ಫ್ರೇಹಾ